ಕಾರು ಹೀರೋ, ಲಾರಿ ವಿಲನ್!

ಮೊದಲಿಗೇ ಒಂದು ಪ್ರಶ್ನೆ ಕೇಳಿಬಿಡ್ತೀನಿ, ಮಿತ್ರರೇ. ನೀವು ಇಲ್ಲಿತನಕ ನೋಡಿದ ಸಿನಿಮಾಗಳನ್ನೆಲ್ಲ ಒಮ್ಮೆ ನೆನಪು ಮಾಡಿಕೊಳ್ಳಿ. ಹೀರೋ ಬಂದಿಳಿಯೋದು ಯಾವುದರಲ್ಲಿ? ಕಾರಿನಲ್ಲಿ. ಮಳೆಯಲ್ಲಿ ಕೆಟ್ಟು ನಿಂತು ಹೀರೋಯಿನ್‌ಗೆ ಹೀರೋನ ಪರಿಚಯ ಮಾಡಿಸೋದು ಯಾವುದು? ಅದೂ ಕಾರು. ಸರಿ, ಲಾರಿ ಬರೋದು ಯಾವಾಗ? ಹೀರೋನ ಅಪ್ಪ ಹಣ್ಣಿನ ಚೀಲ ಹಿಡಿದು ರಸ್ತೆ ದಾಟುವಾಗ! ಎರಡು ಹೆಡ್‌ಲೈಟು, ಒಂದು ಹಾರನ್ನು, ಚಕ್ರದ ಕ್ಲೋಸಪ್ಪು, ಉರುಳಿ ಹೋಗುವ ಮೂಸಂಬಿ... ಅಷ್ಟೇ. ಲಾರಿಯ ಪಾತ್ರ ಮುಗೀತು.

ಇದು ನಮ್ಮವರ ಚಾಳಿ ಮಾತ್ರ ಅಲ್ಲ. ಸ್ಟೀವನ್ ಸ್ಪಿಲ್‌ಬರ್ಗ್ 1971ರಲ್ಲಿ ಟೀವಿಗಾಗಿ ತೆಗೆದ ‘ಡ್ಯುಯಲ್’ ನೋಡಿ. ಒಂದು ಹಳೇ ಟ್ಯಾಂಕರ್ ಲಾರಿ ಒಬ್ಬ ಕಾರಿನವನನ್ನು ಚಿತ್ರದ ಉದ್ದಕ್ಕೂ ಅಟ್ಟಿಸಿಕೊಂಡು ಹೋಗುತ್ತೆ. ಡ್ರೈವರನ ಮುಖವನ್ನೇ ತೋರಿಸೋದಿಲ್ಲ. ಲಾರಿಯೇ ಖಳನಾಯಕ! ಕಾರಿನ ಅದೃಷ್ಟ ನೋಡಿ. 1958 ಒಂದೇ ವರ್ಷದಲ್ಲಿ ಹಳೇ ಕಾರಿಗೆ ಎರಡು ಚಿತ್ರ. ಹಿಂದಿಯಲ್ಲಿ ಕಿಶೋರ್ ಕುಮಾರ್ ಅಣ್ಣತಮ್ಮಂದಿರು ನಗಿಸಿದ ‘ಚಲ್ತಿ ಕಾ ನಾಮ್ ಗಾಡಿ’. ಬಂಗಾಳಿಯಲ್ಲಿ ಋತ್ವಿಕ್ ಘಟಕ್ ಅಳಿಸಿದ ‘ಅಜಾಂತ್ರಿಕ್’. ಕನ್ನಡಕ್ಕೆ ಬಂದರೆ ಶಂಕರ್‌ನಾಗ್ 1980ರಲ್ಲಿ ಕಾರುಗಳ್ಳರ ಕಥೆಯನ್ನೇ ‘ಮಿಂಚಿನ ಓಟ’ ಮಾಡಿ ಗೆದ್ದರು. ಅಲ್ಲಿ ಕಳ್ಳರಿಗೂ ಕಾರೇ ಬೇಕು!

ನಾನು ಲಾರಿ ಡ್ರೈವರನ ಮಗ. ಗಾಂಧಿ ಕ್ಲಾಸಿನಲ್ಲಿ ಕೂತು ಎಲ್ಲರ ಜೊತೆ ಕಾರಿಗೆ ವಿಸಿಲ್ ಹೊಡೆದವನೇ. ಆದರೆ ಲಾರಿ ಬಂದಾಗ ಸುತ್ತಲಿನವರು ‘ಥೂ ಪಾಪಿ’ ಅಂದರೆ ನನ್ನ ತಲೆ ತಾನಾಗಿ ತಗ್ಗುತ್ತಿತ್ತು. ಅದೇ ಹೊತ್ತಿಗೆ ನಮ್ಮಪ್ಪ ಹೆಂಚು ತುಂಬಿದ ಲಾರಿಯನ್ನು ಶಿರಾಡಿ ಘಾಟಿಯಲ್ಲಿ ಹತ್ತಿಸುತ್ತಿರುತ್ತಿದ್ದ. ಅವನು ತಂದ ದುಡ್ಡಿನಲ್ಲೇ ನಾನು ಟಿಕೆಟ್ ಕೊಂಡಿದ್ದು.

ಮೂಗಿನ ಲಾರಿ ಬೇಕು ಗುರೂ!

ವಿಷಯ ಶುರುವಾದದ್ದು ಒಂದು ಫೋನಿನಿಂದ. ಕಲಾ ನಿರ್ದೇಶಕರೊಬ್ಬರ ಕೈಕೆಳಗೆ ದುಡಿಯುವ ಗೆಳೆಯ ಒಂದು ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿದ.

‘ಗುರೂ, 1970ರ ಕಥೆ ಮಾಡ್ತಾ ಇದೀವಿ. ಕಾರುಗಳೆಲ್ಲ ಸಿಕ್ಕಿವೆ. ಒಂದು ಲಾರಿ ಬೇಕು. ಹಳೇದು, ಮೂಗಿರೋದು. ನಿಮ್ಮಪ್ಪ ಓಡಿಸ್ತಿದ್ರಲ್ಲ, ಅಂಥದ್ದು.’

ಈಗಿನ ಹುಡುಗರಿಗೆ ಮೂಗು ಅಂದರೆ ತಿಳಿಯಲಿಕ್ಕಿಲ್ಲ. ಇವತ್ತಿನ ಲಾರಿಯ ಮುಖ ಗೋಡೆಯ ಹಾಗೆ ಚಪ್ಪಟೆ. ಡ್ರೈವರ್ ಇಂಜಿನ್ನಿನ ಮೇಲೇ ಕೂತಿರ್ತಾನೆ. ಆ ಕಾಲದ ಲಾರಿಗೆ ಇಂಜಿನ್ನು ಮುಂದೆ, ಉದ್ದ ಬಾನೆಟ್ಟಿನೊಳಗೆ. ಅದೇ ಮೂಗು. ಟಾಟಾದವರ ಟೆಲ್ಕೋ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು 1954ರಲ್ಲಿ ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡೋಕೆ ಶುರು ಮಾಡಿತು. ಹೆಸರು ಟಾಟಾ ಮರ್ಸಿಡಿಸ್ ಬೆಂಜ್. ಮೂಗಿನ ತುದಿಗೆ ಮೂರು ಮೂಲೆಯ ನಕ್ಷತ್ರ. ಇವತ್ತು ಕೋಟಿ ರೂಪಾಯಿ ಕಾರಿನ ಮುಂದೆ ಮಿಂಚುತ್ತಲ್ಲ, ಅದೇ ನಕ್ಷತ್ರ! ಒಪ್ಪಂದ 1969ಕ್ಕೆ ಮುಗಿದು, ನಕ್ಷತ್ರ ಇದ್ದ ಕಡೆ ಟಾಟಾದ ‘ಟಿ’ ಬಂತು. ಆದರೂ ನಮ್ಮಪ್ಪನಂಥವರ ಬಾಯಲ್ಲಿ ಅದು ಕೊನೇತನಕ ‘ಬೆಂಜ್ ಗಾಡಿ’ಯೇ.

ಮದರಾಸಿನ ಎಣ್ಣೂರಿನಿಂದ ಲೇಲ್ಯಾಂಡ್ ಬರುತ್ತಿತ್ತು. ಬೊಂಬಾಯಿಯ ಕುರ್ಲಾದಿಂದ ಡಾಡ್ಜ್, ಫಾರ್ಗೋ ಬರುತ್ತಿದ್ದವು. ಅಂಬಾಸಿಡರ್ ಮಾಡುತ್ತಿದ್ದ ಹಿಂದೂಸ್ಥಾನ್ ಮೋಟಾರ್ಸ್‌ನವರೇ ಬೆಡ್‌ಫರ್ಡ್ ಲಾರಿಯನ್ನೂ ಮಾಡುತ್ತಿದ್ದರು. ಕಂಪನಿಯಿಂದ ಬರುತ್ತಿದ್ದದ್ದು ಹೆಚ್ಚಾಗಿ ಬರೀ ಚಾಸಿ, ಇಂಜಿನ್ನು, ಮೂತಿ. ಕ್ಯಾಬಿನ್ನು, ಬಾಡಿ ಎಲ್ಲ ನಮ್ಮೂರ ಬಡಗಿಗಳದ್ದು. ಹಾಗಾಗಿ ಒಂದು ಲಾರಿಯ ಹಾಗೆ ಇನ್ನೊಂದು ಇರ್ತಿರಲಿಲ್ಲ. ಇಷ್ಟೆಲ್ಲ ತಳಿ ಇದ್ದವಲ್ಲ, ಒಂದಾದರೂ ಸಿಗದೇ ಇರುತ್ತಾ ಅಂತ ಹೊರಟೆ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬೆಳಗಿನಿಂದ ಸಂಜೆತನಕ ಸುತ್ತಿದೆ. ಯಾವ ಕಾಲದ ಕಾರಿನ ಬಿಡಿಭಾಗಕ್ಕೂ ಅಲ್ಲಿ ದಾರಿ ಉಂಟು. ಸಣ್ಣ ಅಂಗಡಿಯೊಂದರಲ್ಲಿ ಬಿಳಿ ಗಡ್ಡದ ಭಾಯ್ ಒಬ್ಬರು ನನ್ನ ಮಾತು ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು.

‘ಕಾರು ಕೇಳಿ, ಕೊಡಿಸ್ತೀನಿ. ಮಾರಿಸ್ ಬೇಕಾ, ಫಿಯಟ್ ಬೇಕಾ, ಹೆರಾಲ್ಡ್ ಬೇಕಾ? ಇಟ್ಕೊಂಡೋರು ಮಗು ಥರ ಸಾಕ್ತಾರೆ. ಲಾರಿ ಯಾರು ಇಟ್ಕೊಂತಾರೆ ಸಾಬ್? ಅದು ದುಡಿಯೋ ಎತ್ತು. ಮುದಿ ಆಯ್ತು ಅಂದ್ರೆ ಶಿವಾಜಿನಗರ.’

ಶಿವಾಜಿನಗರ ಅಂದರೆ ಗುಜರಿ. ಅಲ್ಲಿಗೂ ಹೋದೆ. ಬಾಗಿಲು, ಬಂಪರು, ಗೇರ್ ಬಾಕ್ಸುಗಳ ರಾಶಿಯಲ್ಲಿ ಯಾವುದು ಯಾವ ಗಾಡಿಯದ್ದು ಅಂತ ಗುರುತು ಹಿಡಿಯಲು ಹೆತ್ತವರಿಂದಲೂ ಆಗದು!

ಕಾಯಿದೆಯಲ್ಲೂ ಕಾರೇ ಹೀರೋ

ಕಾರಿನ ಪ್ರೀತಿ ಸುಳ್ಳು ಅಂತ ನಾನು ಹೇಳೋದಿಲ್ಲ, ಸ್ವಾಮಿ. 2014ರಲ್ಲಿ ಉತ್ತರಪಾರದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿ ನಿಂತಾಗ ದೇಶದಲ್ಲಿ ಎಷ್ಟು ಜನ ನಿಟ್ಟುಸಿರು ಬಿಟ್ಟರು! 2023ರ ಅಕ್ಟೋಬರಿನಲ್ಲಿ ಮುಂಬೈ ರಸ್ತೆಯಿಂದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ಕೊನೆಯಾದಾಗ ಜನ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ನಮ್ಮಲ್ಲೇ ಧರ್ಮಸ್ಥಳದ ಹೆಗ್ಗಡೆಯವರು ಕೂಡಿಟ್ಟ ಹಳೇ ಕಾರುಗಳನ್ನು ನೋಡೋಕೆ ಮಕ್ಕಳುಮರಿ ಕಟ್ಟಿಕೊಂಡು ಹೋಗ್ತೀವಿ. ಶ್ರೀರಂಗಪಟ್ಟಣದ ಬಳಿ, ಮೈಸೂರು ರಸ್ತೆಯಲ್ಲಿ, ‘ಪಯಣ’ ಅಂತ ಚಕ್ರದ ಆಕಾರದ ದೊಡ್ಡ ಮನೆಯೇ ಆಗಿದೆ. ಕಾರಿಗೆ ಅರಮನೆ ಸಿಕ್ಕಿತು. ಸಂತೋಷವೇ.

ಆದರೆ ಕಾಯಿದೆ ನೋಡಿ. ಹಳೇ ವಾಹನಗಳಿಗೆ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಹೊಸ ನಿಯಮ ಮಾಡಿತು. ಐವತ್ತು ವರ್ಷ ದಾಟಿ, ಮೂಲ ರೂಪ ಕೆಡದೆ ಇದ್ದರೆ ‘ವಿಂಟೇಜ್’ ಅನ್ನೋ ಮರ್ಯಾದೆ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರದ ಪಕ್ಕ ‘ವಿಎ’ ಅಂತ ಬರುತ್ತೆ. ಹೊಸ ನೋಂದಣಿಗೆ 20,000 ರೂಪಾಯಿ. ಹತ್ತು ವರ್ಷ ನಡೆಯುತ್ತೆ. ದಿನಾ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಎಣ್ಣೆ ಹಾಕಿಸೋಕೆ ರಸ್ತೆಗಿಳಿಯಬಹುದು. ಒಳ್ಳೇ ನಿಯಮವೇ. ಆದರೆ ಯಾವ ವಾಹನಕ್ಕೆ? ಸ್ವಂತಕ್ಕೆ ಓಡಿಸಿದ ದ್ವಿಚಕ್ರಕ್ಕೆ, ಸ್ವಂತಕ್ಕೆ ಓಡಿಸಿದ ಕಾರಿಗೆ.

ಬಾಡಿಗೆಗೆ ದುಡಿದ ಲಾರಿ? ಊಹೂಂ. ಅದು ಆ ಪಟ್ಟಿಯಲ್ಲೇ ಇಲ್ಲ.

ಸಿನಿಮಾದಲ್ಲಿ ವಿಲನ್, ಕಾಯಿದೆಯಲ್ಲಿ ಗೈರುಹಾಜರ್. ಅವತ್ತು ರಾತ್ರಿ ನನಗೆ ಗೆಳೆಯನ ಶೂಟಿಂಗು ಮರೆತುಹೋಯಿತು. ಈ ಲಾರಿಯನ್ನು ನನಗೋಸ್ಕರವೇ ನೋಡಬೇಕು ಅನ್ನಿಸಿತು. ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಹಾಸನದ ಕೆಂಪು ಬಸ್ ಹತ್ತಿದೆ. ಅಪ್ಪ ಇರೋದು ಅಲ್ಲೇ.

ಲಾರಿಗಿಂತ ಮುಂಚೆ ರಸ್ತೆ

ಅಪ್ಪನಿಗೀಗ ಎಪ್ಪತ್ತೈದು. ಹದಿನಾರನೇ ವಯಸ್ಸಿಗೆ ಕ್ಲೀನರ್ ಆಗಿ ಲಾರಿ ಹತ್ತಿದವನು. ನಾನು ವಿಷಯ ಹೇಳಿದೆ. ಅವನು ಎಲೆಅಡಿಕೆ ಪಕ್ಕಕ್ಕಿಟ್ಟ.

‘ಸಕಲೇಶಪುರದ ತಾವ ಒಂದು ಎಸ್ಟೇಟಿಗೆ ನಮ್ಮ ಓನರ್ರು ಒಂದು ಬೆಂಜ್ ಮಾರಿದ್ರು ಕಣ್ಲಾ. ನಂಗೆ ಮದ್ವೆ ಆಗಿ ನೀನು ಹುಟ್ಟಿದ್ಮೇಲೆ. ಐತೋ ಇಲ್ವೋ.’

ಮಾರನೇ ದಿನ ಇಬ್ಬರೂ ಹೊರಟೆವು. ಸಕಲೇಶಪುರ ಬಂತು. ನಾನು ಎದ್ದೆ. ಅಪ್ಪ ಏಳಲಿಲ್ಲ.

‘ಮೊದ್ಲು ಘಾಟಿ ತೋರ್ಸು. ಲಾರಿ ನೋಡೋಕ್ ಮುಂಚೆ ಅದು ಓಡಿದ ರಸ್ತೆ ನೋಡ್ಬೇಕು.’

ಕಂಡಕ್ಟರ್ ಹತ್ತಿರ ಗುಂಡ್ಯಕ್ಕೆ ಟಿಕೆಟ್ ಮುಂದುವರಿಸಿಕೊಂಡೆ. ದೋಣಿಗಾಲ್ ದಾಟಿದ ಮೇಲೆ ಶಿರಾಡಿ ಘಾಟಿ ಬಾಯಿ ತೆರೆಯಿತು. ಒಂದು ಕಡೆ ಬೆಟ್ಟದ ಮೈ, ಇನ್ನೊಂದು ಕಡೆ ಕೆಳಗೆ ಕೆಂಪುಹೊಳೆ. ಈಗ ಕಾಂಕ್ರೀಟ್ ರಸ್ತೆ. 2015ರಲ್ಲೂ 2018ರಲ್ಲೂ ತಿಂಗಳುಗಟ್ಟಲೆ ಘಾಟಿ ಮುಚ್ಚಿ ಹಾಕಿದ್ದು. ಕಾಡಿನ ಆಚೆ ರೈಲು ದಾರಿ. ಅಪ್ಪನ ಕ್ಲೀನರ್ ಕಾಲದಲ್ಲಿ ಅದಿರಲಿಲ್ಲ. ಮಂಗಳೂರು–ಹಾಸನ ರೈಲು ಓಡಿದ್ದು 1979ರಲ್ಲಿ. ಅಲ್ಲಿಯವರೆಗೆ ಕರಾವಳಿಯ ಹೆಂಚು ಮೇಲಕ್ಕೆ ಬರಬೇಕಾದರೂ, ನಮ್ಮ ಕಡೆ ಬೆಲ್ಲ, ತರಕಾರಿ ಕೆಳಕ್ಕೆ ಇಳಿಯಬೇಕಾದರೂ ಲಾರಿಯ ಬೆನ್ನೇ ಗತಿ.

ಅಪ್ಪ ಕಿಟಕಿಗೆ ಮುಖ ಒತ್ತಿ ಹೇಳುತ್ತಾ ಹೋದ. ಹೆಂಚಿನ ಸಾಲಿನ ನಡುವೆ ಹುಲ್ಲು ತುರುಕಿ ಲೋಡ್ ಮಾಡುತ್ತಿದ್ದದ್ದು. ಏರಿನಲ್ಲಿ ಇಂಜಿನ್ ದಮ್ಮು ಕಟ್ಟಿದರೆ ಕ್ಲೀನರ್ ಕೆಳಗೆ ಹಾರಿ, ಮರದ ತುಂಡು ಹಿಡಿದು ಹಿಂದಿನ ಚಕ್ರದ ಪಕ್ಕ ಓಡುತ್ತಿದ್ದದ್ದು. ಗಾಡಿ ನಿಂತ ಕ್ಷಣಕ್ಕೆ ತುಂಡು ಚಕ್ರದ ಹಿಂದೆ ಬೀಳಬೇಕು. ಒಂದು ಗೇಣು ತಪ್ಪಿದರೆ ಲಾರಿ ಹೊಳೆಗೆ, ಹುಡುಗ ಚಕ್ರಕ್ಕೆ!

‘ಗೇರ್ ಹಾಕೋದೂ ಈಗಿನಂಗಲ್ಲ. ಡಬಲ್ ಕ್ಲಚ್ಚು. ಒಂದ್ಸಲ ತುಳಿದು ನ್ಯೂಟ್ರಲ್ಲು, ಬಿಟ್ಟು ಆಕ್ಸಿಲೇಟರ್ ಕೊಟ್ಟು, ಮತ್ತೆ ತುಳಿದು ಗೇರು. ಕಿವಿ ಸರಿ ಇಲ್ದೋನು ಹಾಕಿದ್ರೆ ಗರ್ ಅಂತ ಬಯ್ಯೋದು.’

‘ಇಳಿಜಾರಲ್ಲಿ?’

‘ಯಾವ ಗೇರಲ್ಲಿ ಹತ್ತಿದ್ಯೋ ಅದೇ ಗೇರಲ್ಲಿ ಇಳೀಬೇಕು. ಡೀಸೆಲ್ ಉಳಿಸ್ತೀನಿ ಅಂತ ನ್ಯೂಟ್ರಲ್ ಮಾಡ್ದೋರು...’ ಅಪ್ಪ ಹೊಳೆ ಕಡೆ ಕೈ ತೋರಿಸಿ ಸುಮ್ಮನಾದ. ಪವರ್ ಸ್ಟೀರಿಂಗ್ ಇಲ್ಲ. ಫ್ಯಾನ್ ಇಲ್ಲ. ಕಾಲಿನ ಹತ್ತಿರ ಇಂಜಿನ್ನಿನ ಬಿಸಿ.

ಗುಂಡ್ಯದಲ್ಲಿ ಇಳಿದು ಟೀ ಕುಡಿದೆವು. ಎದುರಿಗೆ ಟ್ಯಾಂಕರುಗಳ ಸಾಲು. ಅಪ್ಪ ಹೇಳಿದ: ‘ಇಲ್ಲಿ ಟೀ ಕುಡೀತಾ ಇದೀವಿ ಅಂದ್ರೆ ಅವತ್ತು ಬದುಕಿದ್ವಿ ಅಂತ ಲೆಕ್ಕ.’ ಯಾವ ಡೈಲಾಗ್ ರೈಟರ್ ಬರೀತಾನೆ ಹೇಳಿ ಇಂಥ ಮಾತು!

ಶೆಡ್ಡಿನಲ್ಲಿ ನಕ್ಷತ್ರ

ಮತ್ತೆ ಬಸ್ ಹತ್ತಿ ಸಕಲೇಶಪುರಕ್ಕೆ ಬಂದು ಆಟೋ ಹಿಡಿದೆವು. ಎಸ್ಟೇಟಿನ ಕಣದಲ್ಲಿ ಕಾಫಿ ಹಣ್ಣು ಒಣಗುತ್ತಿತ್ತು. ಗೌಡ್ರು ಕುರ್ಚಿ ತರಿಸಿ ಕೂರಿಸಿದರು. ಅಪ್ಪ ಹಳೇ ಓನರ್ ಹೆಸರು ಹೇಳಿದ್ದೇ ತಡ, ‘ಓಹೋ, ಆ ಲಾರಿನಾ! ಬನ್ನಿ, ಬನ್ನಿ’ ಅಂತ ಎದ್ದರು.

ತಗಡಿನ ಶೆಡ್ಡು. ಒಳಗೆ ಗೊಬ್ಬರದ ಚೀಲ, ಮುರಿದ ಏಣಿ, ಕೋಳಿ ಗೂಡು. ಅದರ ಹಿಂದೆ ಅದು ನಿಂತಿತ್ತು. ಬಣ್ಣ ಯಾವುದು ಅಂತ ಹೇಳೋದು ಕಷ್ಟ. ಒಂದು ಹೆಡ್‌ಲೈಟ್ ಇರಲಿಲ್ಲ. ಕ್ಯಾಬಿನ್ನಿನ ಮರಕ್ಕೆ ಗೆದ್ದಲು ರುಚಿ ನೋಡಿತ್ತು. ಆದರೆ ಮೂಗು ಇತ್ತು. ಮೂಗಿನ ತುದಿಯಲ್ಲಿ, ಹಲ್ಲಿಯ ಹಿಕ್ಕೆಯ ಕೆಳಗೆ, ಮೂರು ಮೂಲೆಯ ನಕ್ಷತ್ರ.

ಸಿನಿಮಾ ಆಗಿದ್ದರೆ ಇದೇ ಅಪ್ಪ ಓಡಿಸಿದ ಲಾರಿ ಆಗಿರಬೇಕು. ವಯಲಿನ್ನು ಶುರುವಾಗಬೇಕು. ಅಪ್ಪ ಒಳಗೆ ಹತ್ತಿ ಡ್ಯಾಶ್‌ಬೋರ್ಡಿನ ಕೆಳಗೆ ಕೈಯಾಡಿಸಿದ. ಇಳಿದು ಬಂದು ತಲೆ ಅಲ್ಲಾಡಿಸಿದ.

‘ನಂದಲ್ಲ. ನನ್ ಗಾಡಿಗೆ ಅಲ್ಲೊಂದು ವೆಲ್ಡಿಂಗ್ ಇತ್ತು. ಇದು ಇನ್ನೊಬ್ಬನು ಓಡಿಸ್ತಿದ್ದದ್ದು. ಅವನೂ ಇಲ್ಲ ಈಗ.’

ಅಷ್ಟು ಹೇಳಿ ಪಂಚೆ ಎತ್ತಿ ಕಟ್ಟಿದ.

ಗೌಡ್ರು ಹೇಳಿದ ಪ್ರಕಾರ ಲಾರಿ ರಸ್ತೆ ಕಂಡು ವರ್ಷಗಳೇ ಆಗಿದ್ದವು. ಟ್ಯಾಕ್ಸ್ ಇಲ್ಲ, ಎಫ್‌ಸಿ ಇಲ್ಲ, ಇನ್ಶೂರೆನ್ಸ್ ಇಲ್ಲ. ತೋಟದೊಳಗೇ ಗೊಬ್ಬರ, ಕಾಫಿ ಮೂಟೆ ಸಾಗಿಸ್ತಿತ್ತು. ಎರಡು ಮಳೆಗಾಲದಿಂದ ಅದೂ ಇಲ್ಲ. ‘ಮಗ ಬೆಂಗಳೂರಲ್ಲಿದಾನೆ. ಈ ಶೆಡ್ ತೆಗೆದು ಹೋಮ್‌ಸ್ಟೇ ಮಾಡೋಣ ಅಂತಾನೆ. ಗುಜರಿಯವ್ನು ಬಂದು ತೂಕದ ಲೆಕ್ಕ ಹೇಳಿ ಹೋಗಿದಾನೆ. ಮಳೆ ಹಿಡಿಯೋದ್ರೊಳಗೆ ಕೊಟ್ಬಿಡೋದು’ ಅಂದರು. ಹೇಳುವಾಗ ಲಾರಿ ಕಡೆ ನೋಡಲಿಲ್ಲ.

ಅಪ್ಪ ಕೇಳಿದ ಪ್ರಶ್ನೆ ಒಂದೇ: ‘ಬ್ಯಾಟರಿ ಐತಾ ಗೌಡ್ರೇ?’

ಟ್ರ್ಯಾಕ್ಟರಿನದ್ದು ಒಂದು, ಜೀಪಿನದ್ದು ಒಂದು ಬಂತು. ಹೊಸ ಡೀಸೆಲ್ ಬಂತು. ಹಳೇ ಡೀಸೆಲ್ ಗಾಡಿ ಚಾವಿ ತಿರುಗಿಸಿದರೆ ಏಳೋದಿಲ್ಲ. ಪೈಪಿನಲ್ಲಿ ಗಾಳಿ ಸೇರಿದ್ದರೆ ಇಂಜಿನ್ನಿಗೆ ಎಣ್ಣೆ ಮುಟ್ಟೋದಿಲ್ಲ. ಅಪ್ಪ ಸ್ಪ್ಯಾನರ್ ಹಿಡಿದು ಒಂದೊಂದೇ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತಾ ಹೋದ. ಮೊದಲು ಬುಸ್ ಬುಸ್ ಅಂತ ನೊರೆ, ಆಮೇಲೆ ಬರೀ ಡೀಸೆಲ್ಲು. ಮುಕ್ಕಾಲು ಗಂಟೆ ಹಿಡಿಯಿತು. ಕಣದಲ್ಲಿ ಕಾಫಿ ಹರಡುತ್ತಿದ್ದ ಆಳುಗಳು ಕೆಲಸ ಬಿಟ್ಟು ಬಂದು ನಿಂತರು.

ಅಪ್ಪ ಸೀಟಿನ ಮೇಲೆ ಕೂತ. ‘ಹೀಟರ್ ಎಳೆದು ನಿಧಾನಕ್ಕೆ ಎಣಿಸ್ಬೇಕು’ ಅಂತ ನನಗೆ ಪಾಠ ಹೇಳುತ್ತಲೇ ಗುಬುಟು ಎಳೆದ. ಡ್ಯಾಶಿನಲ್ಲಿ ಸಣ್ಣದೊಂದು ತಂತಿ ಕೆಂಡದ ಹಾಗೆ ಕೆಂಪಾಯಿತು. ಸ್ಟಾರ್ಟರ್ ಒತ್ತಿದ. ಗುರ್ರ್... ಇಲ್ಲ. ಇನ್ನೊಂದು ಸಲ. ಇಲ್ಲ. ಮೂರನೇ ಸಲಕ್ಕೆ ಶೆಡ್ಡಿನ ತಗಡು ನಡುಗಿತು. ಕೋಳಿಗಳು ಹಾರಿದವು. ಕಪ್ಪು ಹೊಗೆ ಎದ್ದು, ಆರೂ ಸಿಲಿಂಡರು ಒಂದೊಂದಾಗಿ ಎಚ್ಚರಾಗಿ, ಕೊನೆಗೆ ಒಂದೇ ದನಿ.

ಅಪ್ಪ ಗೇರ್ ಹಾಕಿದ. ಡಬಲ್ ಕ್ಲಚ್ಚು. ಗರ್ ಅನ್ನಲಿಲ್ಲ! ಲಾರಿ ಶೆಡ್ಡಿನಿಂದ ಮೂಗು ಹೊರಗೆ ಹಾಕಿತು. ಕಣದ ಅಂಚಿನ ದಾರಿಯಲ್ಲಿ ಆ ತುದಿಗೆ ಹೋಗಿ, ತಿರುಗಿ, ಈ ತುದಿಗೆ ಬಂದು ನಿಂತಿತು. ಇನ್ನೂರು ಗಜ ಇರಬಹುದು. ಆಳುಗಳ ಗುಂಪಿನಲ್ಲಿದ್ದ ಒಬ್ಬ ಹುಡುಗ ಬಾಯಿಗೆ ಎರಡು ಬೆರಳಿಟ್ಟು ವಿಸಿಲ್ ಹೊಡೆದ.

ನನ್ನ ಆಯುಸ್ಸಿನಲ್ಲಿ ಲಾರಿಗೆ ವಿಸಿಲ್ ಬಿದ್ದದ್ದು ಅದೇ ಮೊದಲು, ಮಿತ್ರರೇ.

ತಗಡಿನ ಮೂಗು

ಅಲ್ಲಿಂದಲೇ ಗೆಳೆಯನಿಗೆ ಫೋನ್ ಮಾಡಿದೆ. ಅವನು ಖುಷಿಪಟ್ಟ. ಲೆಕ್ಕ ಹಾಕಿದ. ಎರಡು ದಿನ ಬಿಟ್ಟು ತಾನೇ ಫೋನ್ ಮಾಡಿದ. ಕಾಗದ ಇಲ್ಲದ ಗಾಡಿಯನ್ನು ರಸ್ತೆ ಮೇಲೆ ಓಡಿಸುವ ಹಾಗಿಲ್ಲ. ಟ್ರೈಲರ್ ಮೇಲೆ ಹೇರಿ ಬೆಂಗಳೂರಿಗೆ ತಂದು ವಾಪಸ್ ಮುಟ್ಟಿಸೋಕೆ ಆಗೋ ಖರ್ಚು ಕೇಳಿ ನಿರ್ಮಾಪಕರು ಬೇಡ ಅಂದರಂತೆ. ಕೊನೆಗೆ ಈಗಿನ ಒಂದು ಲಾರಿಗೆ ತಗಡಿನ ಮೂಗು ಅಂಟಿಸಿ, ರಾತ್ರಿ ಸೀನ್ ಮಾಡಿ ಮುಗಿಸಿದರು.

‘ಸೀನ್ ಏನು?’ ಅಂತ ಕೇಳಿದೆ.

‘ಹೀರೋನ ಅಪ್ಪ ಸಾಯೋ ಸೀನು ಗುರೂ’ ಅಂದ.

ನಕ್ಕುಬಿಟ್ಟೆ. ಇನ್ನೇನು ಮಾಡಲಿ?

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅವತ್ತು ಸಂಜೆ ಹೊರಡುವಾಗ ಗೌಡ್ರು ಅಪ್ಪನ ಕೈಗೆ ಕಾಫಿಪುಡಿ ಪೊಟ್ಟಣ ಕೊಟ್ಟು, ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಹೇಳಿದರು: ‘ನೀವು ಆಗಾಗ ಬಂದು ಸ್ಟಾರ್ಟ್ ಮಾಡ್ತೀರಿ ಅಂದ್ರೆ ಈ ಮಳೆಗಾಲ ಕಳೀಲಿ, ನೋಡಾಣ.’

ಲಾರಿಯವರು ಅಮಾವಾಸ್ಯೆಗೆ ಗಾಡಿ ಪೂಜೆ ಮಾಡೋದು ನಿಮಗೆ ಗೊತ್ತು. ಈಗ ಅಪ್ಪ ಪ್ರತಿ ಅಮಾವಾಸ್ಯೆ ಬೆಳಿಗ್ಗೆ ಚೀಲದಲ್ಲಿ ನಾಲ್ಕು ನಿಂಬೆಹಣ್ಣು, ಒಂದು ಸ್ಪ್ಯಾನರ್ ಇಟ್ಟುಕೊಂಡು ಹಾಸನದಲ್ಲಿ ಬಸ್ ಹತ್ತುತ್ತಾನೆ. ಚಕ್ರಕ್ಕೊಂದು ನಿಂಬೆಹಣ್ಣು ಇಡ್ತಾನೆ. ಗಾಳಿ ತೆಗೀತಾನೆ. ಹೀಟರ್ ಎಳೆದು ಎಣಿಸ್ತಾನೆ. ವಿಸಿಲ್ ಹೊಡೆದ ಹುಡುಗ ಈಗ ಅವನ ಕ್ಲೀನರ್. ಹೋದ ಸಲ ಡಬಲ್ ಕ್ಲಚ್ ಕಲಿಸಿದನಂತೆ. ‘ಗರ್ ಅಂತು. ಪರ್ವಾಗಿಲ್ಲ, ಕಿವಿ ಐತೆ ಅವ್ನಿಗೆ’ ಅಂತ ಫೋನಿನಲ್ಲಿ ಹೇಳಿದ.

ಮುಂದಿನ ಮಳೆಗಾಲಕ್ಕೆ ಆ ಶೆಡ್ ಇರುತ್ತೋ, ಹೋಮ್‌ಸ್ಟೇ ಬರುತ್ತೋ, ನನ್ನಿಂದ ಹೇಳೋಕಾಗೋದಿಲ್ಲ. ಒಂದು ಮಾತು ಮಾತ್ರ ಹೇಳ್ತೀನಿ. ನಿಮ್ಮೂರಿನ ಹಿತ್ತಲಲ್ಲೋ, ಹಳೇ ರೈಸ್‌ಮಿಲ್ಲಿನ ಮೂಲೆಯಲ್ಲೋ, ಬಳ್ಳಿ ಹಬ್ಬಿದ ಒಂದು ಮೂಗಿನ ಲಾರಿ ಕಂಡರೆ ಹಾಗೇ ದಾಟಿ ಹೋಗಬೇಡಿ. ಒಂದು ಫೋಟೋ ತೆಗೀರಿ. ಅದನ್ನು ಓಡಿಸಿದವರು ಯಾರು ಅಂತ ವಿಚಾರಿಸಿ. ಬದುಕಿದ್ದರೆ ಕರೆದುಕೊಂಡು ಬಂದು ಒಮ್ಮೆ ಸ್ಟೀರಿಂಗ್ ಹಿಡಿಸಿ.

ಆಮೇಲೆ ವಿಸಿಲ್ ಹೊಡೆಯೋದು ಮರೀಬೇಡಿ!